ಎಡಕ್ಕೆ ಹೊಸೆದ ಹುರಿ

8 ಡಿಸೆಂಬರ್ 2024, ಭಾನುವಾರ. ಮಧುಗಿರಿ

ಫೆಂಗಲ್ ಚಂಡಮಾರುತದ ಜಿಟಿಜಿಟಿ ನಿಂತು ನಾಲ್ಕೈದು ದಿನವಾಯಿತು. ಮೋಡ ಹರಿದದ್ದೇ ತಡ, ಚಳಿ ಹಿಡಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಬೆಟ್ಟದ ಬುಡ ಮಾತ್ರ ಕಾಣುತ್ತಿತ್ತು, ಕೋಟೆ ಪೂರ್ತಿ ಮಂಜಿನೊಳಗೆ. ಹಗಲೆಲ್ಲ ಬಿಸಿಲು ಕುಡಿದ ಏಕಶಿಲೆ ರಾತ್ರಿ ಸ್ವಲ್ಪ ಸ್ವಲ್ಪ ಬಿಸಿ ಬಿಡುತ್ತದೆ. ಹಾಗಾಗಿ ನಮಗೆ ಮಾಗಿ ಅಷ್ಟು ಕಷ್ಟವಲ್ಲ. ಪಾವಗಡದ ಬಯಲಿನ ಮಾತು ಬೇರೆ.

ಆ ಬಯಲಿಂದಲೇ ತಂಗಿಯ ಮಗ ಬಂದಿದ್ದ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಅವನದು ರಾತ್ರಿ ಪಾಳಿಯ ಕಾವಲು. ಐದು ಊರುಗಳ 13,000 ಎಕರೆ ಜಮೀನು, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತುಮಾಡಿ ರೈತರಿಂದ ಪಡೆದ ನೆಲ. ಹಲಗೆಗಳ ಮೇಲೆ ನೆರಳು ಬೀಳಬಾರದಲ್ಲ, ಮರ ಇಲ್ಲ. ಮರ ಇಲ್ಲದ ಮೇಲೆ ಗಾಳಿಗೆ ತಡೆಯಿಲ್ಲ. ಬೆಳಗಿನ ಜಾವ ಮೂರರಿಂದ ಆರರವರೆಗೆ ಕಿವಿಯೊಳಗೆ ಮುಳ್ಳು ಚುಚ್ಚಿದಂತಾಗುತ್ತದೆ ಎಂದ.

ಜೇಬಿನಿಂದ ಮಂಕಿ ಕ್ಯಾಪ್ ತೆಗೆದು ತೋರಿಸಿದ. ನೆತ್ತಿಯ ಹತ್ತಿರ ಕಡಲೆಕಾಯಿ ಗಾತ್ರದ ತೂತು, ಅದರ ಅಂಚು ಕರಗಿ ಗಟ್ಟಿಯಾದ ಪ್ಲಾಸ್ಟಿಕ್. “ಬೆಂಕಿ ಕಾಯಿಸ್ತಿದ್ವಿ ದೊಡ್ಡಮ್ಮ, ಕಿಡಿ ಹಾರ್ತು. ಕೂದ್ಲಿಗೆ ಅಂಟ್ಕೊಂಡುಬಿಡ್ತು” ಎಂದ. ನೆತ್ತಿಯಲ್ಲಿ ಕಾಸಗಲದ ಗಾಯ ಇನ್ನೂ ಮಾಸಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವನ ತಲೆಗೆ ಟೇಪು ಸುತ್ತಿ ಅಳತೆ ಬರೆದುಕೊಂಡೆ: ಇಪ್ಪತ್ತೆರಡೂವರೆ ಇಂಚು. ಮಾಗಿ ಮುಗಿಯುವುದರೊಳಗೆ ಟೋಪಿ ಹೆಣೆದು ಕೊಡುತ್ತೇನೆ ಎಂದೆ.

ಬಿಸ್ಕತ್ತಿನ ಡಬ್ಬಿ ಅಟ್ಟದಿಂದ ಇಳಿಸಿದೆ. ಹೆಣಿಗೆಯ ಕಡ್ಡಿಗಳೆಲ್ಲ ಅದರಲ್ಲೇ ಇವೆ.

11 ಡಿಸೆಂಬರ್, ಬುಧವಾರ

ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಿನ್ನೆ ಬೆಳಗಿನ ಜಾವ ತೀರಿಕೊಂಡರು. ಇಂದು ಸರ್ಕಾರಿ ರಜೆ. ಪಕ್ಕದ ಮನೆಯ ಮಕ್ಕಳು ಸ್ಕೂಲಿಲ್ಲದೆ ನಮ್ಮ ಪಡಸಾಲೆಯಲ್ಲೇ ಇದ್ದವು. ಅವುಗಳ ಮುಂದೆ ಒಂದು ಪರೀಕ್ಷೆ ಮಾಡಿದೆ.

ಅಂಗಡಿಯ ಉಲ್ಲನ್ ದಾರ ಒಂದು ಎಳೆ, ಅಪ್ಪನ ಹಳೆಯ ಕಂಬಳಿಯ ಅಂಚಿನಿಂದ ಕಿತ್ತ ನೂಲು ಒಂದು ಎಳೆ. ಇಕ್ಕಳದಲ್ಲಿ ಹಿಡಿದು ದೀಪದ ಕುಡಿಗೆ ತಾಗಿಸಿದೆ. ಅಂಗಡಿಯದು ಕುಗ್ಗಿ, ಕರಗಿ, ಕಪ್ಪು ಹನಿಯಾಗಿ ಜೋತುಬಿತ್ತು. ದೀಪದಿಂದ ತೆಗೆದ ಮೇಲೂ ಉರಿಯುತ್ತಲೇ ಇತ್ತು. ಕಂಬಳಿಯ ನೂಲು ಚುರ್ ಎಂದು ಸುಟ್ಟ ಕೂದಲಿನ ವಾಸನೆ ಬಿಟ್ಟು, ದೀಪದಿಂದ ತೆಗೆದ ಕ್ಷಣಕ್ಕೆ ತಾನಾಗಿ ಆರಿತು. ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿ. ಒಂದು ಪೆಟ್ರೋಲಿಯಂನಿಂದ ತೆಗೆದ ಅಕ್ರಿಲಿಕ್, ಇನ್ನೊಂದು ಕುರಿಯ ಮೈಕೂದಲು. ಎರಡನ್ನೂ ನಾವು ಉಲ್ಲನ್ ಎಂದೇ ಕರೆಯುತ್ತೇವೆ. ಮಾಗಿಯಲ್ಲಿ ಊರೂರ ಬಸ್‌ಸ್ಟ್ಯಾಂಡ್ ಬಳಿ ಮಾರುವ ಟೋಪಿ, ಸ್ವೆಟರು ಬಹುಪಾಲು ಲುಧಿಯಾನದಿಂದ ಬರುತ್ತವೆ. ಅಗ್ಗ, ಬಣ್ಣ ಚೆಂದ. ಮನೆಯೊಳಗೆ ಹಾಕಿಕೊಳ್ಳಲು ತಕರಾರಿಲ್ಲ. ಬೆಂಕಿಯ ಪಕ್ಕ ಕೂರುವ ಹುಡುಗನ ತಲೆಗೆ ಅದು ಬೇಡ.

ಹಾಗಾದರೆ ನೂಲು ಎಲ್ಲಿಂದ? ಮೂವತ್ತಮೂರು ವರ್ಷ ಹೊಲಿಗೆ ಟೀಚರಾಗಿ ಪಾವಗಡ, ಶಿರಾ, ಕೊರಟಗೆರೆ, ಮಧುಗಿರಿ ಎಂದು ತಿರುಗಿದ್ದೇನೆ. ಇಲಾಖೆಯವರು ಈ ನಾಲ್ಕೂ ತಾಲ್ಲೂಕು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನುತ್ತಾರೆ. ಕುರಿ ಕಾಣದ ಒಂದೇ ಒಂದು ದಾರಿಯೂ ಇಲ್ಲಿಲ್ಲ. ಅಷ್ಟು ವರ್ಷ ಹೆಣ್ಣುಮಕ್ಕಳಿಗೆ ಹೆಣಿಗೆ ಕಲಿಸಿದ್ದು ಮಾತ್ರ ಪೇಟೆಯಿಂದ ತಂದ ಬಣ್ಣದ ಉಂಡೆಯಲ್ಲಿ. ಕುರಿ ಸಾಕುವ ಮನೆಯ ಹುಡುಗಿಗೂ ಹತ್ತು ರೂಪಾಯಿ ಕೊಟ್ಟು ಉಂಡೆ ಕೊಂಡು ತಾ ಎಂದಿದ್ದೇನೆ. ಇಂದು ಅದನ್ನು ನೆನೆದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

15 ಡಿಸೆಂಬರ್, ಭಾನುವಾರ. ಶಿರಾ ತಾಲ್ಲೂಕು

ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಗಂಡನ ಊರಿನ ಹಟ್ಟಿಗೆ ಕರೆದುಕೊಂಡು ಹೋದಳು. ನೂಲುವ ಅಜ್ಜಿ ಅವಳ ಅತ್ತೆಯ ಅಕ್ಕ. ಎಪ್ಪತ್ತು ದಾಟಿದ ಜೀವ. ಜಗುಲಿಯ ಮೇಲೆ ರಾಟೆ, ಪಕ್ಕದಲ್ಲಿ ಹಿಂಜಿದ ಉಣ್ಣೆಯ ಹಂಜಿಗಳು. ಎಡಗೈ ಹಂಜಿ ಹಿಡಿದು ಹಿಂದಕ್ಕೆ ಹೋದಷ್ಟೂ ನೂಲು ಬರುತ್ತಲೇ ಇತ್ತು. ಕಣ್ಣು ನಮ್ಮ ಮೇಲೆ, ಮಾತು ನಮ್ಮೊಡನೆ, ನೂಲು ಒಂದು ಕಡೆಯೂ ಹರಿಯಲಿಲ್ಲ.

ಒಳಗೆ ಕುಣಿಮಗ್ಗ ಇದೆ. ನೇಯುವವರು ಕಾಲು ಇಳಿಬಿಡುತ್ತಿದ್ದ ಕುಣಿಯಲ್ಲಿ ಈಗ ಸೌದೆ ಒಟ್ಟಿದ್ದಾರೆ. ಅಜ್ಜಿಯ ಗಂಡ ಇರುವ ತನಕ ವರ್ಷವಿಡೀ ನೇಯ್ಗೆ ನಡೆಯುತ್ತಿತ್ತಂತೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಅಂಟು ಮಾಡಿ ಹಾಸುನೂಲಿಗೆ ಬಳಿಯುವುದು. ಹಾಸು ಬೀದಿಯುದ್ದ ಎಳೆದು ಕಟ್ಟಿ ಕುಂಚದಲ್ಲಿ ತೀಡುವುದು. ಕಂಬಳಿ ಹೊತ್ತು ಚಳ್ಳಕೆರೆ ಸಂತೆಗೆ ಹೋಗುವುದು. ನಮ್ಮ ಕಡೆ ಕಂಬಳಿ ಬರೀ ಹೊದಿಕೆಯಾಗಿರಲಿಲ್ಲ. ಮದುವೆಯ ಶಾಸ್ತ್ರಕ್ಕೆ ಹಾಸುವುದು ಕಂಬಳಿ, ದೇವರ ಗದ್ದುಗೆಗೆ ಕಂಬಳಿ. ಕಂಬಳಿಗೆ ಮೈಲಿಗೆಯಿಲ್ಲ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ಮಳೆಗೆ, ಚಳಿಗೆ ಅದನ್ನೇ ಮೂಲೆ ಮಡಿಸಿ ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟರೆ ಆಯಿತು. ಈ ಸೀಮೆಯ ಚಳಿಗಾಲದ ಟೋಪಿ ಎಂದರೆ ಆ ಕೊಪ್ಪೆಯೇ.

ಹಿತ್ತಿಲಲ್ಲಿ ಬೇಲಿಯ ಮಗ್ಗುಲಿಗೆ ಕರಿ ಉಣ್ಣೆ ರಾಶಿ ಬಿದ್ದಿತ್ತು. ಮಳೆಯಲ್ಲಿ ನೆಂದು, ಮುಳ್ಳು ಹತ್ತಿ, ಅರ್ಧ ಮಣ್ಣಾಗಿತ್ತು. ಯಾಕಜ್ಜಿ ಹೀಗೆ ಎಂದೆ.

“ಕತ್ತರಿಸಿದ ಕೂಲಿನೂ ಹುಟ್ಟಲ್ಲ ಟೀಚರಮ್ಮ. ವರ್ಸಕ್ಕೆ ಎರಡು ಸತಿ ಕತ್ತರಿಸ್ಲೇಬೇಕು, ಇಲ್ದಿದ್ರೆ ಕುರಿಗೆ ಸೆಕೆ, ಉಣ್ಣೆ, ಕಜ್ಜಿ. ಕತ್ತರಿಸಿದ್ದನ್ನ ಕೇಳೋರಿಲ್ಲ. ಎಸೀತಾರೆ.”

ಉಣ್ಣೆ ಎಂದರೆ ಇಲ್ಲಿ ಕುರಿಯ ರಕ್ತ ಹೀರುವ ಹುಳವೂ ಹೌದು. ಕುರಿಯ ಕೂದಲಿಗೆ ಅಜ್ಜಿ ತುಪ್ಪಟ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ದಖ್ಖನಿ ಕುರಿಯೊಂದರಿಂದ ವರ್ಷಕ್ಕೆ ಒಂದು ಕೆ.ಜಿ. ತುಪ್ಪಟವೂ ಬರುವುದಿಲ್ಲ. ಬಂದದ್ದೂ ಒರಟು. ಸ್ವೆಟರಿನ ಮೆರಿನೊ ಎಳೆ ಸುಮಾರು 20 ಮೈಕ್ರಾನ್ ದಪ್ಪ, ನಮ್ಮ ಕುರಿಯದು ಅದರ ಎರಡರಷ್ಟು. ಚುಚ್ಚುವುದು ಅದಕ್ಕೇ. ಆ ಒರಟು ಎಳೆಯೇ ಗಾಳಿಯನ್ನು ತಡೆಯುತ್ತದೆ, ಜಡಿಮಳೆಯನ್ನು ಜಾರಿಸುತ್ತದೆ, ಇಪ್ಪತ್ತು ವರ್ಷ ಬಾಳುತ್ತದೆ. ಅಪ್ಪನ ಕಂಬಳಿ ಅಪ್ಪನಿಗಿಂತ ಹೆಚ್ಚು ಕಾಲ ಬದುಕಿದೆ.

ನೂಲು ಬೇಕಿರುವುದು ತಲೆಗೆ ಎಂದಾಗ ಅಜ್ಜಿ ಒಳಗೆ ಹೋಗಿ ಬೇರೆ ಗಂಟು ತಂದರು. “ಇದು ಮರಿ ತುಪ್ಪಟ. ಮೊದಲ್ನೇ ಸಲ ಕತ್ತರಿಸಿದ್ದು. ಮೊಮ್ಮಗೂಗೆ ಅಂತ ನೂತಿದ್ದೆ, ಅವರು ಬೆಂಗಳೂರಿಂದ ಬ್ಲಾಂಕೆಟ್ ತಂದ್ರು.” ಕೆನ್ನೆಗೆ ಒತ್ತಿಕೊಂಡು ನೋಡಿದೆ. ಚುಚ್ಚುತ್ತದೆ, ಆದರೆ ತಡೆದುಕೊಳ್ಳಬಹುದು. ಅರ್ಧ ಕೆ.ಜಿ.ಗೆ ನಾನೂರು ರೂಪಾಯಿ ಕೊಟ್ಟೆ. ಹೆಚ್ಚಾಯಿತು ಎಂದು ನೂರು ವಾಪಸ್ ಕೊಡಲು ಬಂದರು. ಅರ್ಧ ಕೆ.ಜಿ. ನೂಲುವುದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ. ಎಂಟು ದಿನವಂತೆ. ಆ ನೂರನ್ನು ನಾನು ತೆಗೆದುಕೊಳ್ಳಲಿಲ್ಲ.

17 ಡಿಸೆಂಬರ್, ಮಂಗಳವಾರ

ಧನುರ್ಮಾಸ ನಿನ್ನೆ ಹಿಡಿಯಿತು. ನೂಲು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅಂಟವಾಳದ ನೀರಿನಲ್ಲಿ ನೆನೆಹಾಕಿದೆ. ಉಗುರುಬೆಚ್ಚಗಿನ ನೀರು. ಕುದಿ ನೀರು ಹಾಕಿ ಉಜ್ಜಿದರೆ ತುಪ್ಪಟ ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗುತ್ತದೆ. ಮೊದಲ ನೀರು ಟೀಯಂತೆ ಬಂತು, ಮೂರನೆಯದು ತಿಳಿಯಾಯಿತು. ಕುರಿಯ ಜಿಡ್ಡು ಪೂರ್ತಿ ಹೋಗಬಾರದು, ಇಬ್ಬನಿ ಜಾರುವುದು ಅದರಿಂದಲೇ. ಮನೆಯೆಲ್ಲ ಕುರಿಹಟ್ಟಿಯ ವಾಸನೆ. ಪಾವಗಡದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನಿದ್ದ ಬಾಡಿಗೆ ಕೋಣೆಯ ಹಿಂದೆ ಕುರಿ ರೊಪ್ಪವಿತ್ತು. ಅದೇ ವಾಸನೆ.

20 ಡಿಸೆಂಬರ್, ಶುಕ್ರವಾರ

ಹೆಣಿಗೆ ಶುರುಮಾಡಿದೆ. ಬಿಚ್ಚಿಯೂ ಆಯಿತು. ಯಾಕೆಂದು ಬರೆದಿಡಬೇಕು.

ಎರಡು ಕಡ್ಡಿಯಲ್ಲಿ ಹೋಗಿ ಬಂದು ಹೆಣೆದರೆ ಕೊನೆಗೆ ಎರಡು ಅಂಚು ಕೂಡಿಸಿ ಹೊಲಿಯಬೇಕು, ಆ ಏಣು ಹಿಂದಲೆಗೆ ಒತ್ತುತ್ತದೆ. ದುಂಡು ಕಡ್ಡಿ, ಅಂದರೆ ಎರಡು ಮೋಟುಕಡ್ಡಿಗಳ ನಡುವೆ ವೈರು ಇರುವುದು, ಅದರಲ್ಲಿ ಸುತ್ತುತ್ತಾ ಹೋದರೆ ಹೊಲಿಗೆಯೇ ಇಲ್ಲ. ಯಾವಾಗಲೂ ಮುಂಬದಿಯೇ ಕಣ್ಣಮುಂದೆ ಇರುತ್ತದೆ. ಮರಳುವ ಸಾಲು ಇಲ್ಲದ್ದರಿಂದ ಸೀದಾ ಮೇಲೆ ಸೀದಾ, ಉಲ್ಟಾ ಮೇಲೆ ಉಲ್ಟಾ. ಜಾಗ್ರತೆ ಬೇಕಾದದ್ದು ಒಂದೇ ಕಡೆ. ಮೊದಲ ಕುಣಿಕೆಯನ್ನೂ ಕೊನೆಯದನ್ನೂ ಕೂಡಿಸುವಾಗ ಸಾಲು ಎಲ್ಲೂ ಮಗುಚಿರಬಾರದು. ಮಗುಚಿದ್ದನ್ನು ಕೂಡಿಸಿಬಿಟ್ಟರೆ ಮುಂದೆ ಯಾವ ಉಪಾಯವೂ ಇಲ್ಲ. ಮೇಜಿನ ಮೇಲೆ ಸಿಂಬಿಯಂತೆ ದುಂಡಗೆ ಹಾಸಿ, ಬುಡವೆಲ್ಲ ಒಳಮುಖವಾಗಿದೆಯೇ ಎಂದು ಬೆರಳಾಡಿಸಿ ನೋಡಿ ಆಮೇಲೆ ಕೂಡಿಸಿದೆ.

ತೊಂಬತ್ತಾರು ಕುಣಿಕೆ. ಹನ್ನೆರಡರಂತೆ ಎಂಟು ಪಟ್ಟಿ: ಜಡೆಯ ಚಿತ್ತಾರಕ್ಕೆ ಆರು, ಉಲ್ಟಾ ಎರಡು, ಸೀದಾ ಎರಡು, ಮತ್ತೆ ಉಲ್ಟಾ ಎರಡು. ಕಿವಿ ಮುಚ್ಚುವ ಅಂಚಿಗೆ ಎರಡಿಂಚು ಹೆಣೆಯುವಷ್ಟರಲ್ಲಿ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿತು. ನೆಟ್ಟಗೆ ಮೇಲೆ ಹೋಗಬೇಕಾದ ಸೀದಾ ಸಾಲುಗಳು ಬಲಕ್ಕೆ ವಾಲಿದ್ದವು. ನಾಲ್ಕಿಂಚಾದಾಗ ಇಡೀ ಪಟ್ಟಿ ಹಿಂಡಿದ ಬಟ್ಟೆಯ ಹಾಗೆ ತಿರುಚಿತ್ತು. ಕೈ ಬಿಗಿಯಾಯಿತೇನೋ ಎಂದು ಸಡಿಲ ಮಾಡಿದೆ. ಕಡ್ಡಿ ಬದಲಿಸಿದೆ. ವಾಲುವುದು ನಿಲ್ಲಲಿಲ್ಲ.

ತಪ್ಪು ಕೈಯದಲ್ಲ. ನೂಲಿನ ಒಂದು ಮಾರು ಸಡಿಲ ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಹಾವಿನಂತೆ ಸುತ್ತಿಕೊಂಡಿತು. ಒಂಟಿ ಎಳೆ, ಬಲಕ್ಕೆ ತಿರುಚಿದ್ದು, ಆ ತಿರುಚು ಬಿಡಿಸಿಕೊಳ್ಳಲು ಸದಾ ಎಳೆಯುತ್ತಿರುತ್ತದೆ. ಮಗ್ಗದಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಸುನೂಲಿಗೆ ಹುಣಸೆಬೀಜದ ಅಂಟು ಇದೆ, ಹೊಕ್ಕುನೂಲು ಅಡ್ಡ ಬಂದು ಒತ್ತಿ ಹಿಡಿಯುತ್ತದೆ. ಹೆಣಿಗೆಯ ಕುಣಿಕೆ ಸಡಿಲ ಜೀವ. ಎಳೆ ಹೇಗೆ ಎಳೆದರೆ ಹಾಗೆ ವಾಲುತ್ತದೆ. ಹೋಗಿ ಬಂದು ಹೆಣೆದಿದ್ದರೂ ವಾಲುತ್ತಿತ್ತು. ದುಂಡಗೆ ಹೆಣೆದಾಗ ನೇರ ಮಾಡಲು ಅಂಚೂ ಇಲ್ಲ.

ಪೂರ್ತಿ ಬಿಚ್ಚಿ ಉಂಡೆ ಮಾಡಿಟ್ಟೆ.

22 ಡಿಸೆಂಬರ್, ಭಾನುವಾರ

ರಾತ್ರಿ ಎಚ್ಚರವಾದಾಗ ಅಪ್ಪ ಹಗ್ಗ ಹೊಸೆಯುತ್ತಿದ್ದದ್ದು ಕಣ್ಣಮುಂದೆ ಬಂತು.

ಕೊರಟಗೆರೆ ತಾಲ್ಲೂಕಿನ ನಮ್ಮ ತೋಟದ ಬಾವಿಗೆ ಕಪಿಲೆ ಇತ್ತು. ಎತ್ತು ಇಳಿಜಾರಿನಲ್ಲಿ ಹಿಂದಕ್ಕೆ ಮುಂದಕ್ಕೆ ನಡೆದರೆ ತೊಗಲಿನ ಬಾನೆ ಬಾವಿಗೆ ಇಳಿದು ತುಂಬಿ ಮೇಲೆ ಬಂದು ಸುರಿಯುತ್ತಿತ್ತು. ಆ ಭಾರವೆಲ್ಲ ಮಿಣಿಯ ಮೇಲೆ. ಮಿಣಿ ಹರಿದರೆ ಬಾನೆ ಬಾವಿಗೆ, ಎತ್ತು ಮುಗ್ಗರಿಸಿ ನೆಲಕ್ಕೆ. ಆದ್ದರಿಂದ ಅಪ್ಪ ಹಗ್ಗದ ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಬೇಲಿಯ ಕತ್ತಾಳೆ ಪಟ್ಟೆ ಕುಯ್ದು, ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ಒಣಗಿಸಿ ತಾವೇ ಹೊಸೆಯುತ್ತಿದ್ದರು. ಒಂದು ತುದಿ ಹಿಡಿದು ನಿಲ್ಲುವುದು ನನ್ನ ಕೆಲಸ. ಪ್ರತಿ ಎಳೆಯನ್ನೂ ಬಲಕ್ಕೆ ತಿರುಚುವುದು, ತಿರುಚಿ ತಿರುಚಿ ಇನ್ನೇನು ಗಂಟು ಬೀಳಬೇಕು ಅನ್ನುವಾಗ ಎರಡನ್ನೂ ಜೋಡಿಸಿ ಎಡಕ್ಕೆ ಬಿಡುವುದು. “ಬಲಕ್ಕೆ ಹೊಸೆದದ್ದ ಎಡಕ್ಕೆ ಕೂಡಿಸ್ಬೇಕು ಮಗ. ಒಂದು ಬಿಚ್ಕೊಳಾಕೆ ಹೋದ್ರೆ ಇನ್ನೊಂದು ಹಿಡ್ಕೊಂತದೆ.” ನಾನಾಗ ಐದನೇ ಕ್ಲಾಸು.

ಬೆಳಿಗ್ಗೆ ತಕಲಿ ಹುಡುಕಿದೆ. ಟೀಚರ್ಸ್ ಟ್ರೈನಿಂಗಿನಲ್ಲಿ ನೂಲುವ ಪರೀಕ್ಷೆಗೆ ಕೊಂಡದ್ದು. ಎರಡು ಉಂಡೆ ಎರಡು ಚೊಂಬಿನಲ್ಲಿಟ್ಟು, ಎರಡೆಳೆ ಕೂಡಿಸಿ ತಕಲಿಯ ಕೊಕ್ಕೆಗೆ ಸಿಕ್ಕಿಸಿ ಎಡಕ್ಕೆ ತಿರುಗಿಸಿದೆ. ಎರಡೆಳೆ ಒಂದರ ಮೇಲೊಂದು ಏರಿ ಹುರಿಯಾದವು. ಒಂದು ಮಾರು ಸಡಿಲ ಬಿಟ್ಟು ನೋಡಿದೆ. ಸುಮ್ಮನೆ ಜೋತುಬಿತ್ತು, ಸುತ್ತಿಕೊಳ್ಳಲಿಲ್ಲ.

ಮಧ್ಯಾಹ್ನದ ಊಟಕ್ಕೂ ಏಳಲು ಮನಸ್ಸಿರಲಿಲ್ಲ. ಸೊಗಡವರೆಯ ಸಾರು ಆರಿ ತಣ್ಣಗಾಗಿತ್ತು. ಸಂಜೆಯ ಹೊತ್ತಿಗೆ ಮುನ್ನೂರು ಗ್ರಾಂ ಹುರಿಯಾಯಿತು. ಟೋಪಿಗೆ ನೂರೈವತ್ತು ಸಾಕು.

29 ಡಿಸೆಂಬರ್, ಭಾನುವಾರ

ಹುರಿ ಮಾಡಿದ ಮೇಲೆ ನೂಲು ದಪ್ಪವಾದ್ದರಿಂದ ಲೆಕ್ಕ ಹೊಸದಾಗಿ ಹಾಕಿದೆ. ಇಂಚಿಗೆ ಮೂರೂವರೆ ಕುಣಿಕೆ ಬರುತ್ತದೆ. ಟೋಪಿ ತಲೆಗಿಂತ ಎರಡಿಂಚು ಚಿಕ್ಕದಿದ್ದರೆ ಹಿಡಿದು ನಿಲ್ಲುತ್ತದೆ, ಇಪ್ಪತ್ತೂವರೆ ಇಂಚು ಎಂದರೆ ಎಪ್ಪತ್ತೆರಡು. ಆದರೆ ಜಡೆ ದಾಟಿಸಿದ ಕಡೆಯೆಲ್ಲ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅದಕ್ಕೆ ಎಂಟು ಸೇರಿಸಿ ಎಂಬತ್ತು ಹಾಕಿದೆ. ಹತ್ತರಂತೆ ಎಂಟು ಪಟ್ಟಿ. ಜಡೆಗೆ ಆರು, ನಡುವೆ ಉಲ್ಟಾ ನಾಲ್ಕು.

ಏಳು ಸುತ್ತು ನೇರ ಹೋಗಿ ಎಂಟನೆಯ ಸುತ್ತಿನಲ್ಲಿ ದಾಟಿಸುವುದು. ಆರರಲ್ಲಿ ಮೊದಲ ಮೂರು ಕುಣಿಕೆಯನ್ನು ಮೋಟು ಕಡ್ಡಿಗೆ ಇಳಿಸಿ ಮುಂದಕ್ಕೆ ಬಿಟ್ಟು, ಉಳಿದ ಮೂರನ್ನು ಮೊದಲು ಹೆಣೆದು, ಆಮೇಲೆ ಕಾಯುತ್ತಿರುವ ಮೂರನ್ನು ಹೆಣೆದರೆ ಜಡೆ ಎಡಕ್ಕೆ ಮಗ್ಗುಲಾಗುತ್ತದೆ. ಮುಂದಕ್ಕೆ ಬಿಡುವ ಬದಲು ಹಿಂದಕ್ಕೆ ಬಿಟ್ಟರೆ ಬಲಕ್ಕೆ. ಇಷ್ಟೇ. ನೋಡಿದವರು ಬಹಳ ಕಷ್ಟದ್ದು ಅಂದುಕೊಳ್ಳುತ್ತಾರೆ. ಜಡೆ ಹೆಣೆಯಬಲ್ಲ ಯಾವ ಹುಡುಗಿಯೂ ಒಂದು ಸಂಜೆಯಲ್ಲಿ ಕಲಿಯಬಲ್ಲಳು, ಕಲಿಸಿದ್ದೇನೆ.

ಈ ಜಡೆಗೆ ಇಂಗ್ಲಿಷಿನಲ್ಲಿ ಕೇಬಲ್ ಎನ್ನುತ್ತಾರೆ, ಹಡಗಿನ ದಪ್ಪ ಹಗ್ಗದ ಹೆಸರು. ಐರ್ಲೆಂಡಿನ ಅರಾನ್ ದ್ವೀಪಗಳ ಹೆಸರು ಇದಕ್ಕೆ ಅಂಟಿಕೊಂಡಿದೆ. ಒಂದೊಂದು ಮನೆತನಕ್ಕೆ ಒಂದೊಂದು ಹೆಣಿಗೆ, ಸಮುದ್ರದಲ್ಲಿ ಸತ್ತವರನ್ನು ಸ್ವೆಟರಿನಿಂದ ಗುರುತು ಹಿಡಿಯುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಅದು ನಿಜವಲ್ಲ. ಆ ಸ್ವೆಟರುಗಳೇ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹುಟ್ಟಿದವು. ಜೆ.ಎಂ. ಸಿಂಜ್‌ನ 1904ರ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ಮುಳುಗಿ ಸತ್ತ ಅಣ್ಣನ ಕಾಲುಚೀಲವನ್ನು ತಂಗಿ ಗುರುತಿಸುತ್ತಾಳೆ. ಗುರುತು ಸಿಗುವುದು ಚಿತ್ತಾರದಿಂದಲ್ಲ, ತಾನೇ ಹಾಕಿದ ಕುಣಿಕೆಯ ಎಣಿಕೆಯಿಂದ. ಕಥೆ ಬೆಳೆದದ್ದು ಅಲ್ಲಿಂದಲೇ ಎನ್ನುತ್ತಾರೆ. ಆ ಎಣಿಕೆಯ ಮಾತನ್ನು ನಾನು ಪೂರಾ ನಂಬುತ್ತೇನೆ. ಪರೀಕ್ಷೆಗೆ ಮಕ್ಕಳು ಒಪ್ಪಿಸಿದ ತುಂಡುಗಳಲ್ಲಿ ಹೆಸರಿನ ಚೀಟಿ ಕಳಚಿಬಿದ್ದರೂ ಯಾರದು ಯಾವುದೆಂದು ನನಗೆ ಗೊತ್ತಾಗುತ್ತಿತ್ತು. ಒಬ್ಬಳ ಕೈ ಬಿಗಿ, ಒಬ್ಬಳದು ಸಡಿಲ, ಒಬ್ಬಳು ಸುತ್ತಿನ ಕೊನೆಗೆ ಬಂದಾಗ ಅವಸರ ಮಾಡುತ್ತಾಳೆ.

ನಮಗೆ ಹಡಗಿಲ್ಲ. ನಾನಿದನ್ನು ಮಿಣಿ ಎಂದುಕೊಂಡೇ ಹೆಣೆಯುತ್ತಿದ್ದೇನೆ.

ಮೂರನೆಯ ಸಲ ದಾಟಿಸಿ ಆರು ಸುತ್ತು ಮುಂದೆ ಹೋದ ಮೇಲೆ ಐದನೆಯ ಜಡೆ ತಪ್ಪು ಕಡೆಗೆ ತಿರುಗಿದ್ದು ಕಂಡಿತು. ಅಷ್ಟನ್ನೂ ಬಿಚ್ಚಬೇಕಿಲ್ಲ. ಆ ಜಡೆಯ ಆರು ಕುಣಿಕೆಯನ್ನು ಮಾತ್ರ ಕಡ್ಡಿಯಿಂದ ಜಾರಿಸಿ, ಏಣಿಯ ಮೆಟ್ಟಿಲಂತೆ ದಾಟಿಸಿದ ಸುತ್ತಿನವರೆಗೆ ಇಳಿಸಿ, ಸರಿಯಾಗಿ ದಾಟಿಸಿ, ಒಂದೊಂದೇ ಮೆಟ್ಟಿಲ ಎಳೆಯನ್ನು ಕ್ರೋಷಾ ಕಡ್ಡಿಯಲ್ಲಿ ಎತ್ತಿಕೊಂಡು ಮೇಲೆ ಬಂದೆ. ಒಂದೂವರೆ ಗಂಟೆ ಹಿಡಿಯಿತು. ಒರಟು ತುಪ್ಪಟಕ್ಕೆ ಇಲ್ಲೊಂದು ಗುಣವಿದೆ, ಬಿಟ್ಟ ಕುಣಿಕೆ ಜಾರಿ ಓಡುವುದಿಲ್ಲ, ಬಿಟ್ಟಲ್ಲೇ ಕಾದಿರುತ್ತದೆ.

3 ಜನವರಿ 2025, ಶುಕ್ರವಾರ

ಕಣ್ಣು ಉರಿ. ಹೆಣೆಯಲಿಲ್ಲ. ಕಪ್ಪು ನೂಲು ದೀಪದ ಬೆಳಕಿನಲ್ಲಿ ಕಾಣುವುದಿಲ್ಲ, ಇನ್ನು ಹಗಲಲ್ಲೇ.

8 ಜನವರಿ, ಬುಧವಾರ

ಏಳೂವರೆ ಇಂಚಾಯಿತು. ಇನ್ನು ನೆತ್ತಿ.

ನೆತ್ತಿಯಲ್ಲಿ ಕುಣಿಕೆ ಇಳಿಸುವಾಗ ಮೊದಲು ಜಡೆಯನ್ನು ಮುಟ್ಟಬಾರದು, ನಡುವಿನ ಉಲ್ಟಾವನ್ನು ತೆಳ್ಳಗೆ ಮಾಡುತ್ತಾ ಹೋಗಬೇಕು. ನಾಲ್ಕಿದ್ದದ್ದು ಮೂರು, ಆಗ ಎಪ್ಪತ್ತೆರಡು. ಒಂದು ಸುತ್ತು ಬಿಟ್ಟು ಎರಡು, ಅರುವತ್ತನಾಲ್ಕು. ಮತ್ತೆ ಒಂದು, ಐವತ್ತಾರು. ಈಗ ಎಂಟು ಜಡೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ದುಂಡು ಕಡ್ಡಿಯ ವೈರು ಈ ಸಣ್ಣ ಸುತ್ತಿಗೆ ಉದ್ದವಾಗುತ್ತದೆ, ಆಗ ಎರಡೂ ತುದಿ ಚೂಪಾದ ನಾಲ್ಕು ಕಡ್ಡಿಗೆ ಹಂಚಿಕೊಂಡು ಐದನೆಯದರಲ್ಲಿ ಹೆಣೆಯಬೇಕು. ಜಡೆಯ ಆರನ್ನು ಎರಡೆರಡು ಕೂಡಿಸಿ ಮೂರು ಮಾಡಿದರೆ ಮೂವತ್ತೆರಡು. ಮತ್ತೆ ಕೂಡಿಸಿದರೆ ಹದಿನಾರು, ಮತ್ತೆ ಎಂಟು. ನೂಲು ಕತ್ತರಿಸಿ ದಬ್ಬಳಕ್ಕೆ ಪೋಣಿಸಿ, ಆ ಎಂಟರೊಳಗೆ ಎರಡು ಸಲ ಹಾಯಿಸಿ, ಚೀಲದ ಬಾಯಿ ಬಿಗಿದಂತೆ ಎಳೆದು ಒಳಗೆ ಗಂಟು ಹಾಕಿದೆ.

ಎಂಟು ಮಿಣಿಗಳು ನೆತ್ತಿಯಲ್ಲಿ ಒಂದಾಗಿವೆ. ಒಂದು ಸಾಲೂ ವಾಲಿಲ್ಲ. ಅಂಗೈ ಮೇಲೆ ನಿಲ್ಲಿಸಿಕೊಂಡು ತುಂಬ ಹೊತ್ತು ನೋಡಿದೆ. ಅಪ್ಪ ಇರಬೇಕಿತ್ತು.

14 ಜನವರಿ, ಮಂಗಳವಾರ. ಸಂಕ್ರಾಂತಿ

ಹಣೆಗೆ, ಕಿವಿಗೆ ತಾಗುವ ಕಡೆ ಚುಚ್ಚದ ಹಾಗೆ ಒಳಗಡೆ ಹಳೆಯ ಪಂಚೆಯ ಮೂರಿಂಚು ಅಗಲದ ಪಟ್ಟಿ ಕೊಟ್ಟು ಹೊಲಿದೆ. ತೊಳೆದು ತೊಳೆದು ಮೆತ್ತಗಾದ ಹತ್ತಿ. ಹುಡುಗ ಹಬ್ಬಕ್ಕೆ ಬಂದಿದ್ದ. ಎಳ್ಳುಬೆಲ್ಲ ಕೊಡುವಾಗಲೇ ಟೋಪಿಯನ್ನೂ ಕೊಟ್ಟೆ. ಕಿವಿ ಮುಚ್ಚಿ, ಹುಬ್ಬಿನ ತನಕ ಇಳಿಸಿಕೊಂಡು ಅಂಗಳದಲ್ಲಿ ನಿಂತ. ಸಂಜೆ ಬೀದಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಾಗ ಅವನು ಬೆಂಕಿಯ ಹತ್ತಿರವೇ ಇದ್ದ. ಹುಲ್ಲಿನ ಕಿಡಿಗಳು ಹಾರಿ ಅವನ ತಲೆ ಮೇಲೆ ಕೂತು ಆರಿದವು. ಆಮೇಲೆ ಟೋಪಿ ತೆಗೆಸಿ ನೋಡಿದೆ. ಬೂದಿ ಇತ್ತು, ತೂತಿರಲಿಲ್ಲ.

19 ಜನವರಿ, ಭಾನುವಾರ. ಶಿರಾ ತಾಲ್ಲೂಕು

ಹುಡುಗ ಫೋನು ಮಾಡಿದ್ದ. ಬೆಳಗಿನ ಜಾವದ ಗಾಳಿಗೆ ಕಿವಿ ನೋಯಲಿಲ್ಲವಂತೆ. ಮೊದಲೆರಡು ದಿನ ಹಿಂದಲೆ ತುರಿಸಿತು, ಈಗ ಇಲ್ಲ. ಅವನ ಪಾಳಿಯ ಇನ್ನೂ ಐದು ಜನ ತಮಗೂ ಬೇಕೆಂದಿದ್ದಾರೆ. ಅವರಲ್ಲಿ ಇಬ್ಬರ ಮನೆಯಲ್ಲಿ ಮೊದಲು ಕುರಿ ಇದ್ದವು. ಮೇಯುವ ಬಯಲು ಬೇಲಿಯೊಳಗೆ ಸೇರಿದ ಮೇಲೆ ಒಬ್ಬರು ಮಾರಿಬಿಟ್ಟರು. ಇನ್ನೊಬ್ಬರು ನೆಲ್ಲೂರು ತಳಿ ಕಟ್ಟಿದ್ದಾರೆ. ಮಾಂಸಕ್ಕೆ ಒಳ್ಳೆಯ ತಳಿ, ಮೈಮೇಲೆ ತುಪ್ಪಟವಿಲ್ಲ, ಮೇಕೆಯ ಹಾಗೆ ಬರೀ ಕೂದಲು. ತುಪ್ಪಟದ ಕರಿ ಕುರಿ ಹೀಗೆಯೇ ಕಡಿಮೆಯಾಗುತ್ತಿದೆ. ತುಪ್ಪಟಕ್ಕೆ ಬೆಲೆಯಿದ್ದಿದ್ದರೆ ಕರಿ ಕುರಿಯನ್ನು ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ, ನನಗೆ ಇದರಲ್ಲಿ ಅನುಮಾನವಿಲ್ಲ.

ಟೋಪಿಯನ್ನು ಎರಡು ದಿನದ ಮಟ್ಟಿಗೆ ಅವನಿಂದ ಕೇಳಿ ತೆಗೆದುಕೊಂಡು ಹಟ್ಟಿಗೆ ಹೋದೆ. ಅಜ್ಜಿ ಒಳಮನೆಯ ಕತ್ತಲಲ್ಲಿ ಕೂತಿದ್ದರು. ಕೈಗೆ ಕೊಟ್ಟೆ. ಬೆರಳಲ್ಲಿ ತಿಕ್ಕಿದರು.

“ಇದು ನನ್ನ ನೂಲು” ಎಂದರು. ಇನ್ನೊಂದು ಸಲ ತಿಕ್ಕಿ, “ಹುರಿ ಮಾಡಿದ್ಯಾ?”

ತಕಲಿಯಲ್ಲಿ ಎಡಕ್ಕೆ ತಿರುಗಿಸಿದ ಕಥೆ ಹೇಳಿದೆ. ಅವರು ರಾಟೆಯ ಮುಂದೆ ಸರಿದು ಕೂತು, ಎರಡೆಳೆ ಕೂಡಿಸಿ ಹಿಡಿದು, ಗಾಲಿಯನ್ನು ಹಿಂದಕ್ಕೆ ತಿರುಗಿಸಿದರು. ನನ್ನ ತಕಲಿಗೆ ಒಂದು ದಿನ ಹಿಡಿದದ್ದು ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾರುಗಟ್ಟಲೆ ಬಂತು. “ಎರಡು ಪಟ್ಟೆ ಕೂಡ್ಸಿ ಕಂಬ್ಳಿ ಹೊಲಿಯೋ ದಾರಾನ ಹಿಂಗೇ ಮಾಡ್ತಿದ್ವಿ. ಕೇಳಿದ್ರೆ ಅವತ್ತೇ ಮಾಡಿಕೊಡ್ತಿದ್ನಲ್ಲ ಟೀಚರಮ್ಮ.” ಹೌದು, ಅವತ್ತೇ ಕೇಳಬೇಕಿತ್ತು.

ಒಂದು ಟೋಪಿಗೆ ನೂರೈವತ್ತು ಗ್ರಾಂ, ಐದಕ್ಕೆ ಏಳುನೂರೈವತ್ತು. ಮರಿ ತುಪ್ಪಟದ್ದೇ, ಎರಡೆಳೆ, ಎಡಕ್ಕೆ ಹೊಸೆದದ್ದು ಒಂದು ಕೆ.ಜಿ. ಹೇಳಿ ಮುಂಗಡ ಕೊಟ್ಟು ಬಂದೆ. ದಿನಗೂಲಿ ಲೆಕ್ಕದಲ್ಲಿ ಬೆಲೆ ಗೊತ್ತುಮಾಡಿದೆವು, ತೂಕದ ಲೆಕ್ಕದಲ್ಲಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಹಂಜಿ ಮಾಡಿಕೊಡಲು ನನ್ನ ಹಳೆಯ ವಿದ್ಯಾರ್ಥಿನಿ ಒಪ್ಪಿದ್ದಾಳೆ. ಯುಗಾದಿಗೆ ಮೊದಲು ನೂಲು ಕೈಗೆ ಬರುತ್ತದೆ.